ಕಿಲೋ ಲೆಕ್ಕದಲ್ಲಿ ಹೋದ ಕಂಪ್ಯೂಟರ್‌ಗಳು

ಇವತ್ತಿನ ಕಥೆ ಶುರುವಾಗೋದು ನಮ್ಮ ಸಗರನಾಡಿನ ಶಹಾಪುರದ ಒಂದು ಗುಜರಿ ಅಂಗಡಿಯಲ್ಲಿ.

ಸೈಕಲ್ ರಿಮ್ಮು, ಸುಟ್ಟುಹೋದ ಪಂಪ್‌ಸೆಟ್ ಮೋಟರು, ಖಾಲಿ ಎಣ್ಣೆ ಡಬ್ಬಿಗಳ ರಾಶಿ. ಅದರ ನಡುವೆ ಹಳದಿಗೆ ತಿರುಗಿದ ಒಂದು ಸಿಪಿಯು ಡಬ್ಬ. ಮುಂದೆ ಫ್ಲಾಪಿ ಹಾಕುವ ಸೀಳು. ಬದಿಗೆ ಅರ್ಧ ಹರಿದ ಸ್ಟಿಕರ್: ಕನ್ನಡ ಡಿಟಿಪಿ, ಜೆರಾಕ್ಸ್, ಅರ್ಜಿ ಬರೆದುಕೊಡಲಾಗುವುದು. ಎಷ್ಟು ಅಂತ ಕೇಳಿದೆ. ಅಂಗಡಿಯ ಕಾಕಾ ತಕ್ಕಡಿ ಕಡೆ ಕೈ ಮಾಡಿದರು.

"ತಮ್ಮಾ, ಚಾಲೂ ಅದನೋ ಇಲ್ಲೋ ನನಗ ಗೊತ್ತಿಲ್ಲ. ತೂಕದ ಮ್ಯಾಲ ತಗೊಂಡೀನಿ, ತೂಕದ ಮ್ಯಾಲ ಕೊಡ್ತೀನಿ."

"ಯಾರದು ಕಾಕಾ ಇದು?"

"ಯಾವುದೋ ಅಂಗಡಿ ಬಂದ್ ಮಾಡಿದ್ರಪಾ. ಎಲ್ಲಾ ಕೂಡಿಸಿ ಒಂದೇ ಗಾಡ್ಯಾಗ ತಂದು ಹಾಕ್ಯಾರ."

ಕಬ್ಬಿಣದ ರೇಟಿಗೆ ತೂಗಿಸಿಕೊಂಡು, ಬೈಕ್ ಹಿಂದೆ ಕಟ್ಟಿಕೊಂಡು ಮನೆಗೆ ತಂದೆ. ಆ ಡಬ್ಬದೊಳಗೆ ಏನಿತ್ತು ಅನ್ನೋದನ್ನ ಕೊನೆಗೆ ಹೇಳ್ತೀನಿ. ಮೊದಲು, ಆ ದಿನದಿಂದ ತಲೆಯಲ್ಲಿ ಕೂತಿರುವ ಪ್ರಶ್ನೆ. ಹಳೇ ಕಂಪ್ಯೂಟರ್‌ಗೆ ನಮ್ಮಲ್ಲಿ ಬೆಲೆ ಹೇಳೋದು ಯಾಕೆ ತಕ್ಕಡಿ ಒಂದೇ?

ಯಾಕಂದ್ರೆ ಬೇರೆ ಕಡೆ ಹಾಗಿಲ್ಲ. 1976ರಲ್ಲಿ ಆಪಲ್ ಕಂಪನಿಯ ಮೊದಲ ಕಂಪ್ಯೂಟರ್ ಆಪಲ್-1 ಮಾರಾಟಕ್ಕೆ ಬಂದಾಗ ಅದರ ಬೆಲೆ 666.66 ಡಾಲರ್. ತಯಾರಾಗಿದ್ದು ಸುಮಾರು 200. 2014ರಲ್ಲಿ ಅವುಗಳಲ್ಲಿ ಒಂದನ್ನು ಅಮೆರಿಕದ ಹೆನ್ರಿ ಫೋರ್ಡ್ ಮ್ಯೂಸಿಯಂ ಹರಾಜಿನಲ್ಲಿ 9,05,000 ಡಾಲರ್ ಕೊಟ್ಟು ತಗೊಂಡಿತು. ಇದು ತುದಿಯ ಉದಾಹರಣೆ, ಒಪ್ಪಿದೆ. ಆದರೆ ಅಲ್ಲಿ ಸಾಧಾರಣ ಹಳೇ ಕಂಪ್ಯೂಟರ್‌ಗೂ, ಕೀಬೋರ್ಡ್‌ಗೂ, ಮ್ಯಾನುಯಲ್ ಪುಸ್ತಕಕ್ಕೂ ಗಿರಾಕಿ ಇದ್ದಾರೆ. ಅಲ್ಲಿ ಇದ್ದು ಇಲ್ಲಿ ಇಲ್ಲದ್ದು ಒಂದು ಸಂತೆ. ಹಳೆಯದನ್ನು ಬೇಕು ಅನ್ನುವವನೂ, ಅಟ್ಟದ ಮೇಲೆ ಇಟ್ಟುಕೊಂಡವನೂ ಎದುರುಬದುರಾಗುವ ಜಾಗ. ಆ ಸಂತೆ ಹೇಗೆ ಕಟ್ಟಿದರು, ನಮ್ಮಲ್ಲಿ ಯಾಕೆ ನಿಲ್ಲಲಿಲ್ಲ, ಅದನ್ನೇ ಇವತ್ತು ನೋಡೋಣ.

ಎರಡು ತಾರೀಕು ನೆನಪಿಟ್ಟುಕೊಳ್ಳಿ. 1995ರ ಆಗಸ್ಟ್ 15. ಅವತ್ತು ವಿಎಸ್‌ಎನ್‌ಎಲ್ ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಶುರುಮಾಡಿತು. ಇದಾಗಿ ಮೂರು ವಾರವೂ ಆಗಿರಲಿಲ್ಲ, ಸೆಪ್ಟೆಂಬರ್ ಮೊದಲ ವಾರ, ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಎಂಬ ಪ್ರೋಗ್ರಾಮರ್ ರಜೆಯಲ್ಲಿ ಕೂತು ಆಕ್ಷನ್‌ವೆಬ್ ಅನ್ನೋ ಹರಾಜಿನ ತಾಣ ಬರೆದರು. ಅದೇ ಮುಂದೆ ಇಬೇ ಆಯಿತು. ಅಲ್ಲಿ ಮಾರಾಟವಾದ ಮೊದಲ ವಸ್ತು ಯಾವುದು ಗೊತ್ತಾ? ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಹೋಗಿದ್ದು 14.83 ಡಾಲರ್‌ಗೆ. ಒಮಿಡ್ಯಾರ್‌ಗೇ ಅನುಮಾನ ಬಂದು, ಇದು ಕೆಟ್ಟಿದೆ ಅಂತ ಗೊತ್ತಾ ಎಂದು ಕೊಂಡವರನ್ನು ಕೇಳಿದರಂತೆ. ನಾನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಕೂಡಿಸೋದು ಅಂತ ಆ ಮನುಷ್ಯ ಉತ್ತರ ಕೊಟ್ಟರಂತೆ.

ಕೇಳಿದರೆ ನಗು ಬರುತ್ತೆ. ಆದರೆ ಆನ್‌ಲೈನ್ ಮಾರುಕಟ್ಟೆಯ ಶಕ್ತಿ ಇರೋದೇ ಅಲ್ಲಿ. ಒಂದು ಊರಲ್ಲಿ ಕೆಟ್ಟ ಲೇಸರ್ ಪಾಯಿಂಟರ್ ಕೂಡಿಸುವವರು ಒಬ್ಬರೂ ಇರಲ್ಲ. ಒಂದು ದೇಶದಲ್ಲಿ ನಾಲ್ಕು ಜನ ಇರಬಹುದು. ಆ ನಾಲ್ಕು ಜನರನ್ನು ಒಂದೇ ಕಟ್ಟೆಗೆ ಕೂರಿಸಿದರೆ ತೂಕಕ್ಕೆ ಹೋಗುತ್ತಿದ್ದ ವಸ್ತುವಿಗೆ ಬೆಲೆ ಹುಟ್ಟುತ್ತೆ. ಹಳೇ ಕಂಪ್ಯೂಟರ್ ಹವ್ಯಾಸಿಗಳದ್ದೂ ಇದೇ ಕಥೆ.

ಹಾಗಾದರೆ ನಮ್ಮಲ್ಲೇನಾಯಿತು? ಇದಕ್ಕೆ ಇನ್ನೂ ಹಿಂದೆ ಹೋಗಬೇಕು. ಸಂತೆಗೆ ಮೊದಲು ಸರಕು ಬೇಕಲ್ವಾ? ನಮ್ಮ ಮನೆಗಳ ಅಟ್ಟದ ಮೇಲೆ ಹಳೇ ಕಂಪ್ಯೂಟರ್ ಇತ್ತಾ?

1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋಯಿತು. ಆ ಖಾಲಿ ಜಾಗ ತುಂಬಲು ನಮ್ಮ ಕಂಪನಿಗಳೇ ಕಂಪ್ಯೂಟರ್ ಕಟ್ಟೋಕೆ ಶುರುಮಾಡಿದವು. ದೆಹಲಿ ಕಡೆ ಎಚ್‌ಸಿಎಲ್, ಡಿಸಿಎಂ. ಅಲ್ಲೀವರೆಗೆ ಅಡುಗೆ ಎಣ್ಣೆ, ಸೋಪು ಮಾರುತ್ತಿದ್ದ ವಿಪ್ರೊ 1980ರ ದಶಕದ ಶುರುವಿನಲ್ಲಿ ಬೆಂಗಳೂರಿನಲ್ಲಿ ಇಂಟೆಲ್‌ನ 8086 ಚಿಪ್ ಇಟ್ಟುಕೊಂಡು ತನ್ನ ಮಿನಿ ಕಂಪ್ಯೂಟರ್ ತಂದಿತು. ಆದರೆ ಇವನ್ನೆಲ್ಲ ಕೊಂಡಿದ್ದು ಬ್ಯಾಂಕು, ಕಾರ್ಖಾನೆ, ಸರ್ಕಾರಿ ಇಲಾಖೆ. ಮನೆಗೆ ತರುವ ಬೆಲೆಯೇ ಆಗಿರಲಿಲ್ಲ.

ಬ್ರಿಟನ್ ಜೊತೆ ಹೋಲಿಸಿ ನೋಡಿ. ಅಲ್ಲಿ ಬಿಬಿಸಿ ಮೈಕ್ರೊ ಅನ್ನೋ ಕಂಪ್ಯೂಟರ್ 15 ಲಕ್ಷದಷ್ಟು ಮಾರಾಟವಾಯಿತು. ಶಾಲೆಯಲ್ಲೂ ಅದೇ, ಮನೆಯಲ್ಲೂ ಅದೇ. ಅದೇ ಯಂತ್ರ ನಮ್ಮ ದೇಶಕ್ಕೂ ಬಂತು. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಅನ್ನೋ ಯೋಜನೆ ಶುರುಮಾಡಿದಾಗ, ಮೊದಲ ಹಂತದಲ್ಲಿ ಇಡೀ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೊ ಕೊಟ್ಟರು. 15 ಲಕ್ಷ ಎಲ್ಲಿ, 250 ಶಾಲೆ ಎಲ್ಲಿ! ಅಲ್ಲಿ ಹುಡುಗನಾಗಿದ್ದಾಗ ಅದರಲ್ಲಿ ಆಟ ಆಡಿದವನಿಗೆ ನಲವತ್ತು ವರ್ಷ ಆದಾಗ ಅದು ಮತ್ತೆ ಬೇಕು ಅನ್ನಿಸುತ್ತೆ, ಹುಡುಕ್ತಾನೆ, ಕೊಳ್ತಾನೆ. ಹವ್ಯಾಸ ಹುಟ್ಟೋದೇ ಹಾಗೆ. ನಮ್ಮಲ್ಲಿ ಹಾಗೆ ಬೆಳೆದವರು ಬೆರಳೆಣಿಕೆ.

ನಮ್ಮ ಸಗರನಾಡಿನ ಎಷ್ಟೋ ರೈತರು ಕಂಪ್ಯೂಟರ್ ಮುಂದೆ ಮೊದಲು ನಿಂತಿದ್ದು ತಹಶೀಲ್ದಾರ್ ಕಚೇರಿಯಲ್ಲಿ. 2000ದ ಆಸುಪಾಸಿನಲ್ಲಿ ಬಂದ ಭೂಮಿ ಯೋಜನೆ ನೆನಪಿದೆಯಾ? ನಿಮಗಿಲ್ಲದಿದ್ದರೆ ನಿಮ್ಮ ಅಪ್ಪನಿಗೆ ಇರುತ್ತೆ. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿದರು. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿ ಹೋಗಿ, 15 ರೂಪಾಯಿ ಕೊಟ್ಟರೆ ಕೌಂಟರ್‌ನಲ್ಲಿ ಮುದ್ರಿತ ಪಹಣಿ ಕೈಗೆ ಬರ್ತಿತ್ತು. ಸಿಬ್ಬಂದಿ ಬೆರಳಚ್ಚು ಒತ್ತಿ ಒಳಗೆ ಹೋಗಬೇಕಿತ್ತು. ಶಹಾಪುರ, ಸುರಪುರದಂಥ ತಾಲ್ಲೂಕು ಕೇಂದ್ರಗಳಿಗೆ ಅದು ಸಣ್ಣ ಬದಲಾವಣೆ ಆಗಿರಲಿಲ್ಲ. ಮುಂದೆ ಯಾವತ್ತಾದರೂ ಕರ್ನಾಟಕದ ಕಂಪ್ಯೂಟರ್ ಮ್ಯೂಸಿಯಂ ಮಾಡಿದರೆ, ಆ ಕೌಂಟರ್‌ನ ಒಂದು ಪೂರ್ತಿ ಸೆಟ್ ಅಲ್ಲಿ ಇರಬೇಕು.

ಇನ್ನೊಂದು ಇರಬೇಕಾದ್ದು ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಕಂಪನಿಯೂ ಸೇರಿ ರೂಪಿಸಿದ ಕೈಗಂಪ್ಯೂಟರ್. ಓದು ಬರದವರೂ ಬಳಸಬೇಕು, ಹಳ್ಳಿಯಲ್ಲಿ ನಾಲ್ಕು ಜನ ಹಂಚಿಕೊಂಡು ಬಳಸಬೇಕು ಅನ್ನೋ ಆಸೆ. ಪಠ್ಯವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ತಂತ್ರಾಂಶವೂ ಅದಕ್ಕಾಗಿ ಹುಟ್ಟಿತು. 2004ರಲ್ಲಿ ಬಿಇಎಲ್ ಅದನ್ನು ತಯಾರಿಸಿ, ಅಮಿಡಾ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಐಫೋನ್‌ಗಿಂತ ಮೂರು ವರ್ಷ ಮೊದಲು, ಕೈಯಲ್ಲಿ ಅಲುಗಾಡಿಸಿದರೆ ಪುಟ ತಿರುಗುವ ಯಂತ್ರ! ಆದರೆ ಮಾರಾಟವಾಗಿದ್ದು ಕೆಲವೇ ಸಾವಿರ. ಇವತ್ತು ಒಂದು ಬೇಕು ಅಂದರೆ ಎಲ್ಲಿ ಹುಡುಕ್ತೀರಿ? ಯಾರದೋ ಡ್ರಾಯರ್‌ನಲ್ಲಿ ಇದ್ದೇ ಇರುತ್ತೆ. ಇದು ಬೇಕು ಅನ್ನುವವರು ಇದ್ದಾರೆ ಅಂತ ಆ ಮನೆಯವರಿಗೆ ಗೊತ್ತಿಲ್ಲ, ಅಷ್ಟೇ.

ಕಚೇರಿಗಳ ಯಂತ್ರಗಳಿಗೆ ಡ್ರಾಯರ್ ಕೂಡ ಇಲ್ಲ. ಅವಧಿ ಮುಗಿದ ಮೇಲೆ ಬಳಕೆಗೆ ಬಾರದ್ದು ಅಂತ ಷರಾ ಬರೆದು, ಕುರ್ಚಿ ಬೀರು ಜೊತೆ ಒಟ್ಟಿಗೆ ಹರಾಜು. ಹರಾಜು ಕೂಗಿದವರು ಒಡೆದು ತಾಮ್ರ, ಅಲ್ಯೂಮಿನಿಯಂ ಬೇರೆ ಮಾಡ್ತಾರೆ. ಬೋರ್ಡಿನ ಅಂಚಿನ ಪಿನ್ನುಗಳಿಗೆ ತೆಳ್ಳಗೆ ಚಿನ್ನದ ಲೇಪ ಇರುತ್ತೆ, ಅದನ್ನು ಕೆಲವರು ಆ್ಯಸಿಡ್‌ನಲ್ಲಿ ತೆಗೀತಾರೆ. ಕೈ, ಶ್ವಾಸಕೋಶ, ಪಕ್ಕದ ಚರಂಡಿ ಎಲ್ಲಕ್ಕೂ ಕೇಡು. ಇ-ತ್ಯಾಜ್ಯಕ್ಕೆ ಅಂತಲೇ ಪ್ರತ್ಯೇಕ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದು 2012ರ ಮೇ ತಿಂಗಳಲ್ಲಿ. ಅಷ್ಟೊತ್ತಿಗೆ 80ರ, 90ರ ದಶಕದ ಯಂತ್ರಗಳು ಹೆಚ್ಚುಕಡಿಮೆ ಕರಗಿ ಹೋಗಿದ್ದವು.

ಹಳೇ ಕಂಪ್ಯೂಟರ್‌ಗೆ ಸಂತೆಯೇ ಇರಲಿಲ್ಲ ಅಂತಲ್ಲ. ಬೆಂಗಳೂರಿನ ಎಸ್‌ಪಿ ರೋಡ್, ಅಂದ್ರೆ ಸಾದರ ಪಟ್ರಪ್ಪ ರಸ್ತೆ, ಕೇಳಿರ್ತೀರಿ. ರಾಜ್ಯದ ಎಷ್ಟೋ ಊರುಗಳ ಕಂಪ್ಯೂಟರ್ ಅಂಗಡಿಯವರು ಬಿಡಿಭಾಗಕ್ಕೆ ಹೋಗೋದು ಅಲ್ಲಿಗೇ. ಸೆಕೆಂಡ್ ಹ್ಯಾಂಡ್ ಮಾನಿಟರ್, ರ‍್ಯಾಮ್, ಎಸ್‌ಎಂಪಿಎಸ್ ಎಲ್ಲ ಸಿಗುತ್ತೆ. ಆದರೆ ಅಲ್ಲಿ ಹಳೆಯದಕ್ಕೆ ಬೆಲೆ ಬರೋದು ಅದು ಇನ್ನೂ ಕೆಲಸಕ್ಕೆ ಬರುತ್ತೆ ಅನ್ನೋವರೆಗೆ. ಬಿಡಿಭಾಗ ಮಾಡಿದರೆ ಹೆಚ್ಚು ದುಡ್ಡು, ಹಾಗಾಗಿ ಬಿಡಿಭಾಗ. ಅದು ವ್ಯಾಪಾರ, ತಪ್ಪೇನಿಲ್ಲ. ಆದರೆ ಬಳಕೆ ಮುಗಿದು ಇತಿಹಾಸದ ಬೆಲೆ ಇನ್ನೂ ಶುರುವಾಗದ ಇಪ್ಪತ್ತು ವರ್ಷ ಇರುತ್ತಲ್ಲ, ಆ ನಡುವಿನ ಕಾಲ ದಾಟಿಸೋಕೆ ಅಲ್ಲಿ ಯಾರೂ ಇರಲಿಲ್ಲ.

ಆನ್‌ಲೈನ್‌ನಲ್ಲಿ ಪ್ರಯತ್ನ ಆಯಿತು. 2000ದಲ್ಲಿ ಮುಂಬೈಯಲ್ಲಿ ಬಾಜಿ ಡಾಟ್ ಕಾಮ್ ಅನ್ನೋ ಹರಾಜು ತಾಣ ಶುರುವಾಯಿತು. 2004ರಲ್ಲಿ ಇಬೇ ಸುಮಾರು 5 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತು. ಅದೇ ಡಿಸೆಂಬರ್‌ನಲ್ಲಿ ದೊಡ್ಡ ಗದ್ದಲ. ಬಳಕೆದಾರನೊಬ್ಬ ಅಶ್ಲೀಲ ವಿಡಿಯೊ ಮಾರಾಟಕ್ಕೆ ಇಟ್ಟಿದ್ದ ಅಂತ ತಾಣದ ಮುಖ್ಯಸ್ಥರನ್ನೇ ಬಂಧಿಸಿದರು. ಕೋರ್ಟಿನಲ್ಲಿ ಅವರಿಗೆ ಪರಿಹಾರ ಸಿಕ್ಕಿದ್ದು 2012ರಲ್ಲಿ. ಸಂತೆಯಲ್ಲಿ ಒಬ್ಬ ಕೆಟ್ಟ ಮಾಲು ಮಾರಿದರೆ ಸಂತೆ ನಡೆಸುವವನು ಜೈಲಿಗೆ ಹೋಗಬೇಕಾ? ಈ ಪ್ರಶ್ನೆಯ ಬಿಸಿಯಲ್ಲೇ 2008ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ತಿದ್ದುಪಡಿಯಾಯಿತು. ತಾಣ ತನ್ನ ಎಚ್ಚರಿಕೆ ತಾನು ವಹಿಸಿದ್ದರೆ, ಬೇರೆಯವರು ಹಾಕಿದ್ದಕ್ಕೆ ಅದು ಹೊಣೆ ಅಲ್ಲ ಅಂತ. ಇವತ್ತು ಯಾರೇ ಒಂದು ಸಣ್ಣ ಖರೀದಿ-ಮಾರಾಟದ ಆ್ಯಪ್ ಕಟ್ಟಿದರೂ ನಿಂತಿರೋದು ಆ ಸೆಕ್ಷನ್ ಮೇಲೇ.

ಇಬೇ ಇಂಡಿಯಾದಲ್ಲಿ ಒಂದಷ್ಟು ವರ್ಷ ನಾಣ್ಯ, ಅಂಚೆಚೀಟಿ, ಹಳೇ ಕ್ಯಾಮೆರಾ ಕೂಡಿಸುವವರಿಗೆ ಒಂದು ನೆಲೆ ಇತ್ತು. ಪೈಸಾಪೇ ಅಂತ ಒಂದು ವ್ಯವಸ್ಥೆ ಇತ್ತು, ಕೊಳ್ಳುವವನ ದುಡ್ಡು ನೇರ ಮಾರುವವನಿಗೆ ಹೋಗದೆ ನಡುವೆ ನಿಲ್ಲುತ್ತಿತ್ತು. ಆದರೆ ಅಷ್ಟರಲ್ಲಿ ನಮ್ಮ ಆನ್‌ಲೈನ್ ವ್ಯಾಪಾರ ಹೊಸ ಮೊಬೈಲ್, ಹೊಸ ಬಟ್ಟೆ, ಭಾರಿ ಡಿಸ್ಕೌಂಟ್ ಕಡೆ ಹೊರಳಿತ್ತು. 2017ರಲ್ಲಿ ಇಬೇ ಇಂಡಿಯಾ ಫ್ಲಿಪ್‌ಕಾರ್ಟ್ ಕೈಗೆ ಹೋಯಿತು. 2018ರ ಆಗಸ್ಟ್ 14ಕ್ಕೆ ಬಾಗಿಲು ಹಾಕಿತು. ನಾಳೆ ಸ್ವಾತಂತ್ರ್ಯ ದಿನ, ವಿಎಸ್‌ಎನ್‌ಎಲ್ ಇಂಟರ್ನೆಟ್‌ಗೆ 23 ವರ್ಷ ತುಂಬುವ ದಿನ.

ಈಗ ಅಸಲು ವಿಷಯಕ್ಕೆ ಬರೋಣ. ತಾಣ ಕಟ್ಟೋದು ಕಷ್ಟ ಅಲ್ಲ. ಇವತ್ತು ಎಂಜಿನಿಯರಿಂಗ್ ಓದುವ ಹುಡುಗಿ ಒಂದು ವಾರದಲ್ಲಿ ಕಟ್ತಾಳೆ. ದುಡ್ಡು ಕಳಿಸೋಕೆ 2016ರಿಂದ ಯುಪಿಐ ಇದೆ. ಕಷ್ಟ ಇರೋದು ನಂಬಿಕೆಯಲ್ಲಿ.

ಜಾರ್ಜ್ ಅಕರ್‌ಲಾಫ್ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ. 1970ರಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು, 2001ರಲ್ಲಿ ನೊಬೆಲ್ ಬಂತು. ಅವರು ಹೇಳಿದ್ದು ಸರಳ. ಕಾರು ಒಳ್ಳೆಯದೋ ಕೆಟ್ಟದ್ದೋ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲದಕ್ಕೂ ಕಡಿಮೆ ಬೆಲೆ ಕೇಳ್ತಾನೆ. ಆ ಬೆಲೆಗೆ ಒಳ್ಳೇ ಕಾರಿನವನು ಸಂತೆಗೇ ಬರಲ್ಲ. ಉಳಿಯೋದು ಕೆಟ್ಟವು. ಬೆಲೆ ಮತ್ತೂ ಇಳಿಯುತ್ತೆ. ಇದೇ ಪ್ರಬಂಧದಲ್ಲಿ ಭಾರತದ ಗೃಹಿಣಿ ಅಕ್ಕಿಯಲ್ಲಿ ಕಲ್ಲು ಆರಿಸುವ ಉದಾಹರಣೆಯೂ ಇದೆ. ಅಕ್ಕಿಯ ಬಣ್ಣದ್ದೇ, ಅಕ್ಕಿಯ ಆಕಾರದ್ದೇ ಕಲ್ಲನ್ನು ಬೇಕಂತಲೇ ಬೆರೆಸ್ತಾರೆ ಅಂತ. ನಾರಾಯಣಪುರದ ನೀರು ಬಂದ ಮೇಲೆ ಭತ್ತ ಬೆಳೆಯುವ ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊರದ ಮುಂದೆ ಕೂತ ಅವ್ವನನ್ನು ಕೇಳಿದರೆ ಸಾಕು.

ಗುಜರಿ ಕಾಕಾನ ತಕ್ಕಡಿ ಈಗ ಅರ್ಥ ಆಯಿತಾ? ಚಾಲೂ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲದಾಗ, ಇಬ್ಬರೂ ಒಪ್ಪುವ ಸತ್ಯ ಒಂದೇ ಉಳಿಯುತ್ತೆ, ಅದು ತೂಕ.

ಇದಕ್ಕೆ ಪರಿಹಾರ ಇಬೇ ಕಂಡುಕೊಂಡಿದ್ದು 1996ರ ಫೆಬ್ರವರಿಯಲ್ಲಿ. ಕೊಂಡವರು ಮಾರಿದವರ ಬಗ್ಗೆ, ಮಾರಿದವರು ಕೊಂಡವರ ಬಗ್ಗೆ ಎಲ್ಲರಿಗೂ ಕಾಣುವ ಹಾಗೆ ಅಭಿಪ್ರಾಯ ಬರೆಯೋದು. ನೀವು ಇವತ್ತು ಹೋಟೆಲ್‌ಗೆ, ಆಟೊಗೆ ಸ್ಟಾರ್ ಕೊಡ್ತೀರಲ್ಲ, ಅದರ ಹಿರಿಯಜ್ಜ ಇದು. ನಮ್ಮಲ್ಲೂ ಪರಿಹಾರ ಇಲ್ಲದೇ ಇರಲಿಲ್ಲ. ದನದ ಸಂತೆಗೆ ಹೋಗಿ. ಎತ್ತಿನ ಬಾಯಿ ತೆರೆದು ಹಲ್ಲು ನೋಡ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ನಡೆಸಿ ನೋಡ್ತಾರೆ. ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕೂಡಿಸ್ತಾನೆ. ವಯಸ್ಸು ಯಾವುದು, ದೋಷ ಯಾವುದು ಅನ್ನೋಕೆ ಎಲ್ಲರಿಗೂ ಗೊತ್ತಿರುವ ಮಾತುಗಳಿವೆ. ಇನ್ನು ತೊಗರಿ, ಹತ್ತಿಗೆ 2014ರಿಂದ ಕರ್ನಾಟಕ ರಾಜ್ಯ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ತಂದಿತು. ದೂರದ ವ್ಯಾಪಾರಿ ಬಂದು ನೋಡದೆ ಬೆಲೆ ಕಟ್ಟಬೇಕು ಅಂದ್ರೆ ಮಾಲಿನ ತೇವಾಂಶ, ಗುಣಮಟ್ಟ ಪರೀಕ್ಷೆ ಮಾಡಿ ಹೇಳಬೇಕು. 2016ರಲ್ಲಿ ಕೇಂದ್ರ ಇ-ನಾಮ್ ತಂದಾಗ ಕರ್ನಾಟಕದ ಈ ಅನುಭವ ಮಾದರಿಯಾಗಿ ಮುಂದಿತ್ತು.

ಅಂದ್ರೆ ಹಳೇ ಕಂಪ್ಯೂಟರ್‌ಗೂ ಒಂದು ಹಲ್ಲು ಬೇಕು. ಏನೇನು ನೋಡಬೇಕು ಹೇಳ್ತೀನಿ. 286, 386 ಕಾಲದ ಬೋರ್ಡಾದರೆ ಅದರ ಮೇಲೊಂದು ಪುಟ್ಟ ಬ್ಯಾಟರಿ ಇರುತ್ತೆ. ಅದು ಸೋರಿ ಹಸಿರು ಕಿಲುಬು ಹಿಡಿದಿದ್ದರೆ ತಾಮ್ರದ ಗೆರೆಗಳನ್ನೇ ತಿಂದಿರುತ್ತೆ. 2000ದ ಆಸುಪಾಸಿನ ಬೋರ್ಡಾದರೆ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ನೋಡಬೇಕು. ಹಿಂಭಾಗದ ಕೆಂಪು ಸ್ವಿಚ್ 115ಕ್ಕೆ ಇದ್ದು ನಮ್ಮ 230 ವೋಲ್ಟ್‌ಗೆ ಸಿಕ್ಕಿಸಿದರೆ ಅಲ್ಲಿಗೆ ಮುಗೀತು. ಹಳೇ ಡಬ್ಬ ಮಾನಿಟರ್‌ನ ಗಾಜಿನಲ್ಲಿ ಸೀಸ ಇರುತ್ತೆ, ಒಳಗೆ ಸಾವಿರಾರು ವೋಲ್ಟ್ ಪ್ಲಗ್ ತೆಗೆದ ಮೇಲೂ ನಿಂತಿರಬಹುದು. ಅದನ್ನು ಮನೆಯಲ್ಲಿ ಬಿಚ್ಚಬೇಡಿ. ಈ ನಾಲ್ಕು ಫೋಟೊ, ಆನ್ ಆದಾಗಿನ ಒಂದು ವಿಡಿಯೊ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆಯೋ ಒಂದು ಜಾಗ. ಇಷ್ಟಿದ್ದರೆ ಬೀದರಿನವನು ಮಂಗಳೂರಿನವನ ಯಂತ್ರಕ್ಕೆ ಧೈರ್ಯವಾಗಿ ದುಡ್ಡು ಕಳಿಸ್ತಾನೆ.

ಆದರೆ ಐದನೆಯದೊಂದಿದೆ. ಅದು ನನಗೆ ಗೊತ್ತಾಗಿದ್ದು ಆ ಗುಜರಿ ಡಬ್ಬ ಬಿಚ್ಚಿದ ಮೇಲೆ.

ಬೋರ್ಡ್ ಸತ್ತಿತ್ತು, ಕೆಪಾಸಿಟರ್ ಒಂಬತ್ತು ಉಬ್ಬಿದ್ದವು. ಹಾರ್ಡ್‌ಡಿಸ್ಕ್ ಮಾತ್ರ ಜೀವಂತ. ಒಂದು ಅಡಾಪ್ಟರ್ ಹಾಕಿ ನನ್ನ ಲ್ಯಾಪ್‌ಟಾಪ್‌ಗೆ ಜೋಡಿಸಿದೆ. ನೂರಾರು ಫೈಲು. ತೆರೆದರೆ ಇಂಗ್ಲಿಷ್ ಪಿ, ತಲೆ ಮೇಲೆ ಗೆರೆ ಇರುವ ಎ, ಪೌಂಡ್ ಚಿಹ್ನೆ, ಹೀಗೆ ಏನೇನೋ. ವೈರಸ್ ಅಂದುಕೊಂಡೆ. ಅಲ್ಲ, ಅದು ನುಡಿಯಲ್ಲಿ ಬರೆದ ಕನ್ನಡ. ಯೂನಿಕೋಡ್ ಬಳಕೆಗೆ ಬರುವ ಮೊದಲು, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸ್ತಿದ್ದರು. ಆ ಫಾಂಟ್ ಇಲ್ಲದಿದ್ದರೆ ಓದೋಕಾಗಲ್ಲ. ಪರಿವರ್ತಕ ತಂತ್ರಾಂಶಕ್ಕೆ ಹಾಕಿದೆ. ಪೌಂಡ್ ಚಿಹ್ನೆಗಳು ಕರಗಿ ಸಾಲುಸಾಲಾಗಿ ಕನ್ನಡ ಎದ್ದು ಬಂತು.

ಲಗ್ನಪತ್ರಿಕೆ. ಜಾತ್ರೆಯ ಕರಪತ್ರ. ಬೆಳೆ ಹಾನಿ ಪರಿಹಾರಕ್ಕೆ ಅರ್ಜಿ. ವಿಧವಾ ವೇತನ ಮೂರು ತಿಂಗಳಿಂದ ಬಂದಿಲ್ಲ ಅಂತ ಒಬ್ಬ ಹೆಣ್ಣುಮಗಳು ಬರೆಸಿದ ಅರ್ಜಿ. ಒಂದೇ ಅರ್ಜಿ, ತಾರೀಕು ಮಾತ್ರ ಬದಲಾಗಿ, ನಾಲ್ಕು ಸಲ.

ನಾನು ಅಲ್ಲಿಗೆ ನಿಲ್ಲಿಸಿದೆ. ಅದು ನನ್ನದಲ್ಲ. ನಾನು ತೂಕಕ್ಕೆ ದುಡ್ಡು ಕೊಟ್ಟಿದ್ದು ಕಬ್ಬಿಣಕ್ಕೆ, ಆಕೆಯ ಮಾತಿಗಲ್ಲ. ಹೆಸರು, ಊರು ಇರುವ ಅರ್ಜಿಗಳನ್ನು ಅಳಿಸಿಹಾಕಿದೆ. ಜಾತ್ರೆ ಕರಪತ್ರಗಳನ್ನು, ಖಾಲಿ ನಮೂನೆಗಳನ್ನು ಯೂನಿಕೋಡ್‌ಗೆ ತಂದು ಇಟ್ಟುಕೊಂಡಿದ್ದೀನಿ. ಮಾಡಿದ್ದು ಸರಿಯಾ? ಇನ್ನೂ ಯೋಚನೆ ಮಾಡ್ತಾ ಇದ್ದೀನಿ. ಸುರಪುರದ ಇತಿಹಾಸಕ್ಕೆ ನಾವು ಮೆಡೋಸ್ ಟೇಲರ್ ಬರೆದಿಟ್ಟಿದ್ದನ್ನು ಓದ್ತೀವಿ, ಅವನು ಬ್ರಿಟಿಷ್ ಅಧಿಕಾರಿ. 2002ರ ಸಗರನಾಡು ಹೇಗಿತ್ತು ಅಂತ ಮುಂದೆ ಯಾರಾದರೂ ಕೇಳಿದರೆ, ಅದನ್ನು ನಮ್ಮವರೇ ನಮ್ಮ ಮಾತಲ್ಲಿ ಬರೆಸಿದ್ದರು. ಅದು ಇಂಥ ಡಬ್ಬಗಳಲ್ಲಿತ್ತು.

ಹಳೇ ಕಂಪ್ಯೂಟರ್ ಸಂತೆ ಕಟ್ಟುವವರು ಹಾಗಾಗಿ ಎರಡು ನಿಯಮ ಮೊದಲೇ ಬರೆದಿಡಬೇಕು. ಮಾಲೀಕರನ್ನು ಕೇಳದೆ ಡಿಸ್ಕ್ ಮಾರುವಂತಿಲ್ಲ. ಕೇಳದೆ ಡಿಸ್ಕ್ ಒಡೆಯುವಂತೆಯೂ ಇಲ್ಲ.

ನಿಮ್ಮ ಮನೆಯ ಅಟ್ಟದ ಮೇಲೆ, ನಿಮ್ಮ ಊರಿನ ಮುಚ್ಚಿದ ಡಿಟಿಪಿ ಅಂಗಡಿಯಲ್ಲಿ ಇಂಥದ್ದೊಂದು ಇದ್ದರೆ, ಗುಜರಿಗೆ ಹಾಕುವ ಮೊದಲು ಒಂದು ಕೆಲಸ ಮಾಡಿ. ಅದನ್ನು ಬಳಸಿದವರನ್ನು ಹುಡುಕಿ, ಅದರಲ್ಲಿ ಏನು ಬರೀತಿದ್ರಿ ಅಂತ ಕೇಳಿ. ಅವರು ಒಪ್ಪಿದರೆ ಉತ್ತರವನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಾನೂ ಆ ಸ್ಟಿಕರ್‌ನಲ್ಲಿ ಉಳಿದಿದ್ದ ಅರ್ಧ ಹೆಸರು ಹಿಡಿದು ಅಂಗಡಿಯವರನ್ನು ಹುಡುಕ್ತಾ ಇದ್ದೀನಿ. ಸಿಕ್ಕರೆ ಮುಂದಿನ ಸಂಚಿಕೆಯಲ್ಲಿ ಅವರ ಮಾತು ಕೇಳೋಣ. ಬರ್ತೀನ್ರಿ, ನಮಸ್ಕಾರ.